ಮುಂಗಡ ಟಿಕೆಟ್ಟೂ ಸಂಭವನೀಯತೆಯ ಗಣಿತವೂ

ಜರ್ಮನಿಯ ಗಟಿಂಗೆನ್ ನಗರಕ್ಕೆ ಉನ್ನತ ವ್ಯಾಸಂಗಕ್ಕೆಂದು ಹೊರಟಿದ್ದ ನನ್ನ ವಿದ್ಯಾರ್ಥಿಯೊಬ್ಬನು ಕಳೆದ ವರ್ಷ ನನ್ನಲ್ಲಿಗೆ ಬಂದು, "ಸರ್, ವಿಮಾನವು ಫ್ರಾಂಕ್‌ಫರ್ಟಿನಲ್ಲಿ ಇಳಿಯುತ್ತದೆ. ಮುಂದಿನ ರೈಲಿನ ಟಿಕೆಟ್ಟನ್ನು ಇಲ್ಲಿಂದಲೇ ಕೊಳ್ಳಲೇ, ಅಲ್ಲಿ ಇಳಿದ ಮೇಲೆ ಕೊಳ್ಳಲೇ?" ಎಂದು ಕೇಳಿದನು. ತಂದೆ ಸಾಲಮಾಡಿ ಕೂಡಿಸಿಕೊಟ್ಟ ಹಣ. ಒಂದೊಂದು ಯೂರೋವೂ ಲೆಕ್ಕಕ್ಕೆ ಬರುವಂಥದು. ಪ್ರಶ್ನೆ ಸಣ್ಣದಾಗಿ ಕಂಡರೂ ಅದರಲ್ಲಿ ಅಡಗಿರುವ ತತ್ತ್ವವು ಸಣ್ಣದಲ್ಲ.

ನಮ್ಮ ದೇಶದಲ್ಲಿ ನಾವು ಮುಂಗಡವಾಗಿ ಟಿಕೆಟ್ ಕೊಳ್ಳುವುದು ಮುಖ್ಯವಾಗಿ ಸ್ಥಳಕ್ಕಾಗಿ. ಜರ್ಮನಿಯಲ್ಲಾದರೋ ಅದು ಬೆಲೆಗಾಗಿ. ಅಲ್ಲಿನ ದೂರಪ್ರಯಾಣದ ಬಂಡಿಗಳಿಗೆ ಎರಡು ಬಗೆಯ ಟಿಕೆಟ್ಟುಗಳುಂಟು. ಒಂದು ಅಗ್ಗದ್ದು, ಸೀಮಿತ ಸಂಖ್ಯೆಯಲ್ಲಿ ಮೊದಲೇ ಮಾರಾಟವಾಗುವುದು, ಗೊತ್ತಾದ ಒಂದೇ ಬಂಡಿಗೆ ಸಲ್ಲುವುದು. ಇನ್ನೊಂದು ದುಬಾರಿಯದು, ಆ ದಿನ ಆ ಮಾರ್ಗದ ಯಾವ ಬಂಡಿಗಾದರೂ ಸಲ್ಲುವುದು. ಅಗ್ಗದ ಟಿಕೆಟ್ಟನ್ನು ಕೊಂಡವನು ವಿಮಾನ ತಡವಾಗಿ ಬಂಡಿ ತಪ್ಪಿಸಿಕೊಂಡರೆ ಆ ಹಣ ಹೋದಂತೆಯೇ. ದುಬಾರಿ ಟಿಕೆಟ್ಟನ್ನು ಹೊಸದಾಗಿ ಕೊಳ್ಳಬೇಕು.

ಅಗ್ಗದ ಟಿಕೆಟ್ಟಿನ ಬೆಲೆ 'ಅ' ಎಂದೂ, ದುಬಾರಿಯದರ ಬೆಲೆ 'ಬ' ಎಂದೂ, ಬಂಡಿ ತಪ್ಪುವ ಸಂಭವನೀಯತೆ 'ಸ' ಎಂದೂ ಇಟ್ಟುಕೊಳ್ಳೋಣ. ಮುಂಗಡ ಕೊಂಡವನಿಗೆ 'ಅ' ಹೇಗೂ ಖರ್ಚಾಗುತ್ತದೆ. ಬಂಡಿ ತಪ್ಪಿದರೆ ಮಾತ್ರ 'ಬ' ಕೂಡುತ್ತದೆ. ಆದುದರಿಂದ ಅವನ ನಿರೀಕ್ಷಿತ ವೆಚ್ಚ ಅ + ಸ × ಬ. ಇದು 'ಬ'ಗಿಂತ ಕಡಮೆಯಾಗಬೇಕಾದರೆ,

ಸ < 1 − ಅ/ಬ

ಆಗಿರಬೇಕು. 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಜೂಜಿನ ಪಣವನ್ನು ಹಂಚುವ ವಿಷಯವಾಗಿ ಪತ್ರಗಳಲ್ಲಿ ಚರ್ಚಿಸಿದ ವಿಚಾರವೇ ಇಲ್ಲಿ ರೈಲಿಗೆ ಅನ್ವಯಿಸಿದೆ.

ಅ = 30, ಬ = 75 ಯೂರೋ ಎಂದಿರಲಿ. ಆಗ ಎಲ್ಲೆಯು 1 − 30/75, ಅಂದರೆ 0.6. ಇನ್ನು 'ಸ'ವನ್ನು ತಿಳಿಯುವುದೆಂತು? ಊಹಿಸಿ ಅಲ್ಲ, ಎಣಿಸಿ. ನಮ್ಮ ವಿದ್ಯಾರ್ಥಿಯು ಅದೇ ವಿಮಾನವು 30 ದಿನ ಇಳಿದ ವೇಳೆಯನ್ನು ಗುರುತುಹಾಕಿಕೊಂಡನು. ವಿಮಾನದ ನಿಗದಿಯಾದ ವೇಳೆಗೆ ಒಂದೂವರೆ ಗಂಟೆ ತರುವಾಯ ಹೊರಡುವ ಬಂಡಿಯು 6 ದಿನ ತಪ್ಪುತ್ತಿತ್ತು; ಸ = 1/5. ನಿರೀಕ್ಷಿತ ವೆಚ್ಚ 30 + 15 = 45. ಮುಂಗಡವೇ ಲಾಭ. ಆದರೆ ಅಗ್ಗದ ಟಿಕೆಟ್ಟುಗಳು ತೀರುತ್ತ ಬಂದು 'ಅ' 66ಕ್ಕೆ ಏರಿದ್ದರೆ? 66 + 15 = 81; ಆಗ ಮುಂಗಡವು ನಷ್ಟ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 45 ಯೂರೋ ಎಂಬುದು ಸರಾಸರಿ ಮಾತ್ರ. ಯಾರ ಕೈಯಿಂದಲೂ ಅಷ್ಟು ಹಣ ಹೋಗುವುದಿಲ್ಲ. ಹೋಗುವುದು 30, ಇಲ್ಲವೇ 105. ಹಲವು ಸಲ ಪ್ರಯಾಣಿಸುವವನಿಗೆ ಸರಾಸರಿಯು ಆಸರೆ. ಒಂದೇ ಸಲ ಹೋಗುವವನಿಗೆ ಕೈಯಲ್ಲಿ ಉಳಿದಿರುವ ಹಣವೂ ಮುಖ್ಯ. ಒಂದೇ ಮೊತ್ತದ ನಷ್ಟವು ಬಡವನಿಗೂ ಧನಿಕನಿಗೂ ಒಂದೇ ಭಾರವಲ್ಲವೆಂದು ಡೇನಿಯಲ್ ಬರ್ನೂಲಿ 1738ರಲ್ಲೇ ವಾದಿಸಿದ್ದನು. ನಾಲ್ವರು ಜೊತೆಯಾಗಿ ಹೋದರೂ ಅಪಾಯವು ಹಂಚಿಹೋಗದು; ವಿಮಾನ ತಡವಾದರೆ ನಾಲ್ವರಿಗೂ ಬಂಡಿ ತಪ್ಪುತ್ತದೆ. ಈ ಘಟನೆಗಳು ಪರಸ್ಪರ ಸ್ವತಂತ್ರವಲ್ಲ.

ಈ ಸೂತ್ರವನ್ನು ಎಲ್ಲ ದೇಶಗಳಿಗೂ ಹಾಗೆಯೇ ಹೊಂದಿಸಲಾಗದು. ಫ್ರಾನ್ಸಿನ ಅತಿವೇಗದ ಬಂಡಿಗಳಲ್ಲಿ ಸ್ಥಳ ಕಾದಿರಿಸುವುದು ಕಡ್ಡಾಯ. ಅಲ್ಲಿ ಸ್ಥಳವೇ ಸಿಗದಿರುವ ಸಂಭವವನ್ನೂ ಲೆಕ್ಕಕ್ಕೆ ಸೇರಿಸಬೇಕು. ಜಪಾನಿನ ನೊಜೊಮಿ ಬಂಡಿಗಳಲ್ಲಿ ಸಾಮಾನ್ಯ ದಿನಗಳಂದು ಕಾದಿರಿಸದೆಯೂ ಹತ್ತಬಹುದಾದ ಡಬ್ಬಿಗಳಿವೆ. ಆದರೆ 2023ರ ವರ್ಷಾಂತ್ಯದಿಂದ ದೊಡ್ಡ ರಜೆಗಳ ಕಾಲದಲ್ಲಿ ಎಲ್ಲ ಡಬ್ಬಿಗಳೂ ಕಾದಿರಿಸಿದವರಿಗೇ ಮೀಸಲು.

ನಮ್ಮ ವಿದ್ಯಾರ್ಥಿಯು ಮೂರು ಗಂಟೆಯ ಬಿಡುವುಳ್ಳ ಬಂಡಿಗೆ ಅದೇ 30 ಯೂರೋವಿನ ಟಿಕೆಟ್ಟನ್ನು ಕೊಂಡನು. ಅವನ ಪಟ್ಟಿಯಂತೆ ಅದು ತಪ್ಪುವುದು 30 ದಿನಗಳಲ್ಲಿ ಒಂದೇ ದಿನ. ನಿರೀಕ್ಷಿತ ವೆಚ್ಚ 32.5 ಯೂರೋ. ಆ ಒಂದು ದಿನಕ್ಕಾಗಿ 75 ಯೂರೋವನ್ನು ಬೇರೆ ತೆಗೆದಿಟ್ಟನು. ವಿಮಾನವು ಸಕಾಲಕ್ಕೆ ಇಳಿಯಿತು. "ಮೂರು ಗಂಟೆ ವೃಥಾ ಕಾದೆ" ಎಂದು ಬರೆದನು. ವೃಥಾ ಅಲ್ಲವೆಂದು ನಾನು ಉತ್ತರಿಸಿದೆನು. ನಿರ್ಣಯವು ಸರಿಯೇ ತಪ್ಪೇ ಎಂಬುದನ್ನು ಅಳೆಯಬೇಕಾದುದು ನಿರ್ಣಯಿಸುವಾಗ ನಮಗಿದ್ದ ತಿಳಿವಿನಿಂದ, ಆಮೇಲೆ ಒದಗಿದ ಫಲದಿಂದಲ್ಲ.

ಅಭ್ಯಾಸ: ಅ = 45, ಬ = 60 ಆದರೆ 'ಸ' ಎಷ್ಟಕ್ಕಿಂತ ಕಡಮೆ ಇದ್ದಾಗ ಮುಂಗಡವು ಲಾಭಕರ? (ಉತ್ತರ: 1/4)