ಮಳೆ, ಇಂಧನ ಮತ್ತು ರಾಷ್ಟ್ರದ ಭದ್ರತೆ: ಉದ್ಯಮಿಗಳು ಅರಿಯಬೇಕಾದ ಒಂದು ಕಲಂ

ಹವಾಮಾನ ಬದಲಾವಣೆಯನ್ನು ಪರಿಸರವಾದಿಗಳಿಗೂ, ರಾಷ್ಟ್ರದ ಭದ್ರತೆಯನ್ನು ಸೈನ್ಯಕ್ಕೂ ಬಿಟ್ಟುಬಿಡುವ ರೂಢಿ ನಮ್ಮ ವ್ಯಾಪಾರ ವಲಯದಲ್ಲಿದೆ. ಆದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯ 11ನೇ ಕಲಂ ಈ ಎರಡನ್ನೂ ಒಂದೇ ವಾಕ್ಯದಲ್ಲಿ ತಂದಿರಿಸಿದೆ. ಅಸಾಧಾರಣ ಸನ್ನಿವೇಶದಲ್ಲಿ ಉತ್ಪಾದನಾ ಕಂಪನಿಯು ಸರ್ಕಾರದ ನಿರ್ದೇಶನದಂತೆ ಸ್ಥಾವರವನ್ನು ನಡೆಸಬೇಕೆಂದು ಅದು ವಿಧಿಸುತ್ತದೆ. ಪ್ರಭುತ್ವದ ಭದ್ರತೆಗೆ ಒದಗುವ ಅಪಾಯ ಮತ್ತು ನೈಸರ್ಗಿಕ ವಿಪತ್ತು, ಇವೆರಡೂ ಅಂತಹ ಸನ್ನಿವೇಶಗಳೇ.

ಒಂದೂವರೆ ವರ್ಷದೊಳಗೆ ಈ ಅಧಿಕಾರ ಒಂದಕ್ಕಿಂತ ಹೆಚ್ಚು ಬಾರಿ ಚಲಾವಣೆಯಾಯಿತು. 2022ರ ಮೇ ತಿಂಗಳಲ್ಲಿ, ಉಕ್ರೇನ್ ಯುದ್ಧದಿಂದ ವಿದೇಶಿ ಕಲ್ಲಿದ್ದಲಿನ ಬೆಲೆಯೂ ಬಿಸಿಲ ಝಳದಿಂದ ವಿದ್ಯುತ್ ಬೇಡಿಕೆಯೂ ಏಕಕಾಲದಲ್ಲಿ ಏರಿದಾಗ, ಆಮದು ಕಲ್ಲಿದ್ದಲಿನ ಸ್ಥಾವರಗಳೆಲ್ಲ ಪೂರ್ಣ ಸಾಮರ್ಥ್ಯದಲ್ಲಿ ನಡೆಯಬೇಕೆಂದು ಕೇಂದ್ರವು ಆದೇಶಿಸಿತು. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರವೇ ಅದನ್ನು ಬಳಸಿತು. ಆ ವರ್ಷ ಮುಂಗಾರು ಕೈಕೊಟ್ಟು, 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಲಿಂಗನಮಕ್ಕಿ ತುಂಬಲಿಲ್ಲ. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ಕೇಂದ್ರಕ್ಕೆ ನೀರಿನ ಚಿಂತೆಯಾದರೆ, ಅತ್ತ ಒಣಗಿದ ಹೊಲಗಳಿಂದ ಪಂಪ್‌ಸೆಟ್ಟುಗಳ ಬೇಡಿಕೆ ಹೆಚ್ಚಿತು. ರಾಜ್ಯದ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯದ ಜಾಲಕ್ಕೇ ಒದಗಿಸಬೇಕೆಂಬ ಆದೇಶ ಹೊರಬಿದ್ದಿತು. ಒಂದು ವರ್ಷದ ಬರವನ್ನು ಪೂರ್ತಿಯಾಗಿ ಹವಾಮಾನ ಬದಲಾವಣೆಯ ಖಾತೆಗೆ ಬರೆಯುವುದು ಸರಿಯಲ್ಲ; ಅಂದು ಎಲ್ ನಿನೊ ಪ್ರಭಾವವೂ ಇತ್ತು. ಆದರೆ ಭೂಮಿಯ ತಾಪ ಏರಿದಂತೆ ಮುಂಗಾರಿನ ಏರುಪೇರು ಹೆಚ್ಚುವುದೆಂಬುದು ವಿಜ್ಞಾನಿಗಳ ಅಭಿಪ್ರಾಯ.

ಜಲವಿದ್ಯುತ್ತು ಕುಸಿದಾಗ ಹೊರೆ ಬೀಳುವುದು ಕಲ್ಲಿದ್ದಲಿನ ಮೇಲೆ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ರಾಯಚೂರಿಗೆ ಅದು ಹೊರರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಉಡುಪಿ ಜಿಲ್ಲೆಯ 1,200 ಮೆಗಾವಾಟ್ ಸ್ಥಾವರಕ್ಕೆ ಹೊರದೇಶದಿಂದ ಹಡಗಿನಲ್ಲಿ ಬರಬೇಕು. ಅದೂ ಸಾಲದಾದಾಗ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದವರೂ, ದೇವನಹಳ್ಳಿ-ನಲ್ಲೂರು ಸುತ್ತಿನ ಸಣ್ಣ ಘಟಕದವರೂ ಡೀಸೆಲ್ ಜನರೇಟರಿನ ಮೊರೆ ಹೋಗುತ್ತಾರೆ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಆಮದಿನದು. ಮಲೆನಾಡಿನಲ್ಲಿ ಬೀಳದ ಮಳೆ ಹೀಗೆ ಡಾಲರಿನ ವೆಚ್ಚವಾಗಿ ಪರಿಣಮಿಸುತ್ತದೆ.

ಆಪತ್ಕಾಲಕ್ಕೆಂದು ದೇಶವು ಬಂಡೆ ಕೊರೆದು ನಿರ್ಮಿಸಿದ ತೈಲದ ಉಗ್ರಾಣಗಳಲ್ಲಿ ಎರಡು ನಮ್ಮ ಕರಾವಳಿಯಲ್ಲಿವೆ: ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್. ವಿಶಾಖಪಟ್ಟಣವೂ ಸೇರಿ 53.3 ಲಕ್ಷ ಟನ್. ಇವು ಪೂರ್ಣ ತುಂಬಿದ್ದರೂ, 2019-20ರ ಬಳಕೆಯ ಆಧಾರದ ಮೇಲೆ, ಒಂಬತ್ತೂವರೆ ದಿನಕ್ಕೆ ಸಾಕೆಂದು ಸರ್ಕಾರದ ಲೆಕ್ಕ. ತೈಲ ಕಂಪನಿಗಳ ದಾಸ್ತಾನು ಬೇರೆ ಇದೆಯಾದರೂ, ಲೆಕ್ಕಪರಿಶೋಧಕನ ಕಣ್ಣಿಗೆ ಇದು ತೆಳುವಾದ ಮೀಸಲು.

ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನಕ್ಕೆ ಮಳೆಯೂ ಬೇಡ, ಕಲ್ಲಿದ್ದಲಿನ ಹಡಗೂ ಬೇಡ. ಆದರೆ ದೇಶದ ಸೌರಫಲಕಗಳು ಬಹುಪಾಲು ಚೀನಾದಿಂದ ಬರುತ್ತಿದ್ದುದರಿಂದಲೇ 2022ರ ಏಪ್ರಿಲ್‌ನಲ್ಲಿ ಫಲಕಗಳಿಗೆ ಶೇ. 40ರಷ್ಟು ಸೀಮಾಸುಂಕ ವಿಧಿಸಬೇಕಾಯಿತು. ಸೂರ್ಯಾಸ್ತದ ನಂತರ ಮತ್ತೆ ಲಿಂಗನಮಕ್ಕಿಯೇ ಗತಿ.

ಮುಕ್ತ ಪ್ರವೇಶದ ಮೂಲಕ ಖಾಸಗಿ ಉತ್ಪಾದಕರಿಂದ ವಿದ್ಯುತ್ ಕೊಳ್ಳುವ ಸದಸ್ಯರು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಸರ್ಕಾರದ ನಿರ್ದೇಶನದಿಂದ ಉತ್ಪಾದಕನಿಗಾಗುವ ನಷ್ಟವನ್ನು ಆಯೋಗವು ತುಂಬಿಕೊಡಬಹುದೆಂದು 11(2)ನೇ ಉಪಕಲಂ ಹೇಳುತ್ತದೆ. ಕೊಳ್ಳುವವನ ಪ್ರಸ್ತಾಪ ಅಲ್ಲಿಲ್ಲ. ಆದ್ದರಿಂದ ಒಪ್ಪಂದವನ್ನು ನವೀಕರಿಸುವಾಗ, ಇಂತಹ ಆದೇಶವನ್ನು ಅನಿವಾರ್ಯ ಸಂದರ್ಭವೆಂದು ಪರಿಗಣಿಸಲಾಗಿದೆಯೇ, ಆ ಅವಧಿಯ ದರವ್ಯತ್ಯಾಸ ಯಾರ ಪಾಲಿಗೆ ಎಂಬುದನ್ನು ಬರವಣಿಗೆಯಲ್ಲಿ ಸ್ಪಷ್ಟಪಡಿಸಿಕೊಳ್ಳತಕ್ಕದ್ದು. ಜನರೇಟರಿನ ಡೀಸೆಲ್ ವೆಚ್ಚವನ್ನು ಇತರೆ ವೆಚ್ಚದಲ್ಲಿ ಸೇರಿಸದೆ, ಪ್ರತ್ಯೇಕ ಶೀರ್ಷಿಕೆಯಡಿ, ಮಳೆಯ ವರ್ಷ ಮತ್ತು ಬರದ ವರ್ಷಗಳನ್ನು ಹೋಲಿಸಿ ನೋಡಲು ಬರುವಂತೆ ಬರೆದಿಡುವುದು ಒಳ್ಳೆಯದು.