ಸೆರೆಮನೆ ತುಂಬುವುದೇಕೆ?

ಅಪರಾಧಗಳು ಹೆಚ್ಚಿದರೆ ಸೆರೆಮನೆಗಳು ತುಂಬುವುವು, ಸೆರೆಯಾಳುಗಳನ್ನು ಕಡಮೆ ಮಾಡಿದರೆ ಅಪರಾಧಗಳು ಹೆಚ್ಚುವುವು ಎಂದು ನಾವು ಸಾಮಾನ್ಯವಾಗಿ ನಂಬಿರುವೆವು. ಈ ನಂಬಿಕೆಯನ್ನು ಪರೀಕ್ಷಿಸುವುದು ಹೇಗೆ? ಸಮಾಜವನ್ನು ಪ್ರಯೋಗಶಾಲೆಯಲ್ಲಿಟ್ಟು ನೋಡುವಂತಿಲ್ಲ. ಆದರೆ ಫಿನ್ಲೆಂಡ್ ದೇಶದ ಅನುಭವವು ಒಂದು ಪ್ರಯೋಗದಂತೆಯೇ ನಮಗೆ ಒದಗಿದೆ.

1950ರ ಸುಮಾರಿಗೆ ಅಲ್ಲಿ ಪ್ರತಿ ಲಕ್ಷ ಜನರಿಗೆ ಹತ್ತಿರಹತ್ತಿರ 190 ಮಂದಿ ಸೆರೆಯಲ್ಲಿದ್ದರು. ನೆರೆಯ ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಈ ಸಂಖ್ಯೆ ಬಹಳ ಕಡಮೆ. ಇದಕ್ಕೆ ಮುಖ್ಯ ಕಾರಣ, ಕಳ್ಳತನದಂತಹ ಅಪರಾಧಗಳಿಗೆ ಫಿನ್ಲೆಂಡ್ ವಿಧಿಸುತ್ತಿದ್ದ ದೀರ್ಘ ಶಿಕ್ಷೆ. 1960ರ ದಶಕದಿಂದ ಅಲ್ಲಿನ ವಿದ್ವಾಂಸರೂ ಅಧಿಕಾರಿಗಳೂ ಇದನ್ನು ಪ್ರಶ್ನಿಸತೊಡಗಿದರು. 1970ರ ದಶಕದಲ್ಲಿ ಕಳ್ಳತನದ ಶಿಕ್ಷೆ ಇಳಿಯಿತು. ಶಿಕ್ಷೆಯನ್ನು ವಿಧಿಸಿಯೂ, ಸನ್ನಡತೆಯ ಷರತ್ತಿನ ಮೇಲೆ ಸೆರೆಗೆ ಕಳುಹಿಸದಿರುವ ಪದ್ಧತಿ ವ್ಯಾಪಕವಾಯಿತು. 1990ರ ದಶಕದಲ್ಲಿ ಅಲ್ಪಾವಧಿಯ ಸೆರೆಗೆ ಬದಲಾಗಿ ವೇತನವಿಲ್ಲದ ಸಮಾಜಸೇವೆ ಬಂದಿತು. ಆ ದಶಕದ ಕೊನೆಗೆ ಸೆರೆಯಾಳುಗಳ ಪ್ರಮಾಣವು ಲಕ್ಷಕ್ಕೆ ಸುಮಾರು 60ಕ್ಕೆ ಇಳಿದಿತ್ತು.

ಹಾಗಾದರೆ ಅಪರಾಧಗಳ ಗತಿ ಏನಾಯಿತು? 1960ರ ಅನಂತರ ಅವು ಹೆಚ್ಚಿದುದು ನಿಜ. ಆದರೆ ಸೆರೆಯಾಳುಗಳ ಪ್ರಮಾಣವನ್ನು ಅಷ್ಟಾಗಿ ಬದಲಿಸದ ನೆರೆನಾಡುಗಳಲ್ಲಿಯೂ ಅವು ಹೆಚ್ಚುಕಡಮೆ ಅದೇ ರೀತಿ ಏರಿದುವು. ಹೋಲಿಕೆಗೆ ಈ ನೆರೆನಾಡುಗಳು ಇಲ್ಲದಿದ್ದರೆ ನಾವು ತಪ್ಪು ತೀರ್ಮಾನಕ್ಕೆ ಬರುತ್ತಿದ್ದೆವು.

ಆದುದರಿಂದ ಸೆರೆಯಾಳುಗಳ ಸಂಖ್ಯೆಯನ್ನು ನಿರ್ಧರಿಸುವುದು ಅಪರಾಧವೊಂದೇ ಅಲ್ಲ, ನಾವು ಮಾಡುವ ಕಾನೂನೂ ಹೌದು. ಇದೇ ಕಾಲದಲ್ಲಿ ಶಿಕ್ಷೆಗಳನ್ನು ಬಿಗಿಗೊಳಿಸಿದ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 2008ರ ವೇಳೆಗೆ ಸುಮಾರು 23 ಲಕ್ಷ ಜನ ಸೆರೆಯಲ್ಲಿದ್ದರು. ಕಾನೂನಿನಿಂದ ಏರಿದ ಸಂಖ್ಯೆಯನ್ನು ಕಾನೂನಿನಿಂದಲೇ ಇಳಿಸಬಹುದೆಂಬುದನ್ನು ಫಿನ್ಲೆಂಡ್ ತೋರಿಸಿಕೊಟ್ಟಿದೆ.