ಡಬ್ಬದ ಮೇಲಿನ ವ್ಯಾಟ್ ನೋಡಿ ಹೋಮ್ ಥಿಯೇಟರ್ ತರಬೇಡಿ

ಇಂಜಿನಿಯರಿಂಗ್ ಸೇರಿದ ಮೇಲೆ ನಮಗೆಲ್ಲ ಮನೆಯಲ್ಲಿ ಒಂದು ಹೊಸ ಡ್ಯೂಟಿ ಬೀಳುತ್ತೆ. ಮಿಕ್ಸಿ ಕೆಟ್ಟರೂ ನಾವೇ, ಯುಪಿಎಸ್ ಕೈಕೊಟ್ಟರೂ ನಾವೇ. ಕೂಡಿಟ್ಟ ದುಡ್ಡಲ್ಲಿ ಹೋಮ್ ಥಿಯೇಟರ್ ತರೋಣ ಅಂತ ಮನೆಯವರು ಹೊರಟಾಗಲೂ "ನೀನೇ ನೋಡಿ ಹೇಳು" ಅಂತಾರೆ. ಅಂಗಡಿಯಲ್ಲಿ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಸಾವಿರಾರು ವ್ಯಾಟ್. ಮನೆಗೆ ತಂದರೆ ಫೈಟ್ ಸೀನಿಗೆ ಕಿಟಕಿ ನಡುಗುತ್ತೆ, ಆದರೆ ಹೀರೋ ಏನಂದ ಅಂತ ಅಜ್ಜಿಗೆ ಕೇಳಿಸಲ್ಲ. ಹಾಗಾಗಿ ಈ ಪಾಠದಲ್ಲಿ ನಾವು ಇಟ್ಟುಕೊಳ್ಳೋ ಅಳತೆಗೋಲು ಒಂದೇ: ಮಾತು ಸ್ಪಷ್ಟವಾಗಿ ಕೇಳಬೇಕು.

1. ಮೊದಲು ರೂಮು

ಖಾಲಿ ಗೋಡೆ, ಟೈಲ್ಸ್ ನೆಲ ಇರುವ ಹಾಲ್‌ನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಗುಂಯ್ ಅಂತ ಉಳಿದರೆ ಎಷ್ಟೇ ದುಬಾರಿ ಸ್ಪೀಕರ್ ತಂದರೂ ಮಾತು ಕಲಸಿಕೊಳ್ಳುತ್ತೆ. ಟಿವಿ ಮುಂದಿನ ನೆಲಕ್ಕೆ ಒಂದು ಜಮಖಾನ, ಕಿಟಕಿಗೆ ದಪ್ಪ ಪರದೆ, ಗೋಡೆಗೆ ಪುಸ್ತಕದ ಕಪಾಟು: ಇವಿಷ್ಟೇ ಸಾಕಷ್ಟು ಕೆಲಸ ಮಾಡುತ್ತವೆ. ಖರ್ಚೂ ಕಡಿಮೆ.

2. ಸ್ಪೀಕರ್

5.1 ಅಂದರೆ ಮುಂದೆ ಎಡ, ಬಲ, ನಡುವೆ ಸೆಂಟರ್, ಅಕ್ಕಪಕ್ಕ ಸ್ವಲ್ಪ ಹಿಂದಕ್ಕೆ ಎರಡು ಸರೌಂಡ್, ಆ ".1" ಅನ್ನೋದು ಸಬ್‌ವೂಫರ್‌ನ ಬೇಸ್ ಚಾನೆಲ್. ಸಿನಿಮಾದ ಸಂಭಾಷಣೆ ಬಹುಪಾಲು ಬರೋದು ಸೆಂಟರ್‌ನಿಂದ. ಆದ್ದರಿಂದ ಹೆಚ್ಚು ದುಡ್ಡು ಮುಂದಿನ ಮೂರು ಸ್ಪೀಕರ್‌ಗೆ ಹೋಗಲಿ. ಮೂರೂ ಒಂದೇ ಸೀರೀಸ್‌ನವು ಆಗಿರಲಿ, ಇಲ್ಲದಿದ್ದರೆ ಸದ್ದು ಎಡದಿಂದ ಬಲಕ್ಕೆ ಸರಿದಾಗ ಅದರ ಗುಣವೇ ಬದಲಾಗುತ್ತೆ. ಸೆಂಟರನ್ನು ಶೋಕೇಸ್ ಒಳಗೆ ತುರುಕದೆ ಕೂತವರ ಕಿವಿ ಕಡೆಗೆ ತಿರುಗಿಸಿ ಇಡಬೇಕು.

ಸ್ಪೀಕರ್ ಸ್ಪೆಕ್‌ನಲ್ಲಿ ನಾವು ಮೊದಲು ನೋಡಬೇಕಾದ್ದು ಸೆನ್ಸಿಟಿವಿಟಿ. 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅನ್ನೋ ಲೆಕ್ಕ ಅದು. ಒಂದು ಉದಾಹರಣೆ ಮಾಡೋಣ. ಸೋಫಾ 3 ಮೀಟರ್ ದೂರದಲ್ಲಿದೆ. ದೂರದಿಂದ ಆಗೋ ನಷ್ಟ ಸುಮಾರು 9.5 ಡೆಸಿಬೆಲ್. ಸರಾಸರಿ 75 ಡೆಸಿಬೆಲ್ ಕೇಳಬೇಕು, ಜೋರು ಸೀನಿಗೆ ಅದರ ಮೇಲೆ ಇನ್ನೂ 20 ಬೇಕು ಅಂದುಕೊಳ್ಳಿ. 84 ಡೆಸಿಬೆಲ್ ಸ್ಪೀಕರ್‌ಗೆ ಸುಮಾರು 112 ವ್ಯಾಟ್ ಬೇಕಾಗುತ್ತೆ. 90 ಡೆಸಿಬೆಲ್ ಸ್ಪೀಕರ್‌ಗೆ ಸುಮಾರು 28 ವ್ಯಾಟ್ ಸಾಕು! 6 ಡೆಸಿಬೆಲ್ ವ್ಯತ್ಯಾಸ ಅಂದರೆ ನಾಲ್ಕು ಪಟ್ಟು ಪವರ್. ಗೋಡೆಗಳಿಂದ ವಾಪಸ್ ಬರೋ ಸದ್ದೂ ಸೇರೋದರಿಂದ ನಿಜವಾದ ರೂಮಿನಲ್ಲಿ ಇನ್ನೂ ಕಮ್ಮಿಯೇ ಸಾಕಾಗುತ್ತೆ.

3. ರಿಸೀವರ್

ಪಿಎಂಪಿಓ ಅಂತ ಬರೆದಿದ್ದರೆ ಆ ಸಂಖ್ಯೆಯನ್ನ ಮರೆತುಬಿಡಿ, ಅದನ್ನ ಅಳೆಯೋಕೆ ಒಪ್ಪಿತ ವಿಧಾನವೇ ಇಲ್ಲ. ಆರ್‌ಎಂಎಸ್ ಅಂತ ಇದ್ದರೂ ಕೆಳಗಿನ ಸಣ್ಣಕ್ಷರ ಓದಬೇಕು. "6 ಓಮ್, 1 ಕಿಲೋಹರ್ಟ್ಸ್, 10% ಡಿಸ್ಟಾರ್ಷನ್, 1 ಚಾನೆಲ್" ಅಂತ ಇದ್ದರೆ ಅದು ಉಬ್ಬಿಸಿದ ಸಂಖ್ಯೆ. "8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 0.1%ಗಿಂತ ಕಡಿಮೆ ಡಿಸ್ಟಾರ್ಷನ್, 2 ಚಾನೆಲ್" ಅಂತ ಇದ್ದರೆ ನಂಬಬಹುದು.

ಇಂಪೀಡೆನ್ಸ್ ಕೂಡ ಹೊಂದಬೇಕು. ಇಲ್ಲಿ ಬೇಕಾಗೋದು ಅದೇ ಓಮ್ಸ್ ಲಾ. ಅದೇ ವೋಲ್ಟೇಜ್‌ಗೆ 8 ಓಮ್ ಬದಲು 4 ಓಮ್ ಹಾಕಿದರೆ ಕರೆಂಟ್ ಎರಡು ಪಟ್ಟು. ಅಷ್ಟು ತಾಳದ ರಿಸೀವರ್ ಬಿಸಿಯಾಗಿ ಪ್ರೊಟೆಕ್ಷನ್ ಮೋಡ್‌ಗೆ ಹೋಗುತ್ತೆ. ಒಂದೇ ಡಬ್ಬದಲ್ಲಿ ಎಲ್ಲಾ ಬರೋ ಸೆಟ್‌ಗಳ ತೊಂದರೆ ಇಲ್ಲೇ ಇದೆ. ಕೆಲವದರಲ್ಲಿ ಸ್ಪೀಕರ್ 3 ಓಮ್ ಇರುತ್ತೆ, ಪಿನ್ ಕೂಡ ಬೇರೆ. ಮುಂದೆ ಒಂದನ್ನ ಮಾತ್ರ ಬದಲಾಯಿಸೋದು ಕಷ್ಟ.

4. ಸಬ್‌ವೂಫರ್

ಸಾಮಾನ್ಯವಾಗಿ ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಡ್ತಾರೆ. ಅದಕ್ಕಿಂತ ಕೆಳಗಿನದು ಸಬ್‌ಗೆ, ಮೇಲಿನದು ಉಳಿದ ಸ್ಪೀಕರ್‌ಗಳಿಗೆ. ಈಗ ಫಿಸಿಕ್ಸ್ ನೆನಪಿಸಿಕೊಳ್ಳಿ. 12 ಅಡಿ ಉದ್ದದ ರೂಮಿನಲ್ಲಿ ಮೊದಲ ಸ್ಟ್ಯಾಂಡಿಂಗ್ ವೇವ್ ಬರೋದು 343 ÷ (2 × 3.66), ಅಂದರೆ ಸುಮಾರು 47 ಹರ್ಟ್ಸ್‌ಗೆ. ಅದಕ್ಕೇ ಗೋಡೆ ಪಕ್ಕ ಕೂತರೆ ಬೇಸ್ ಗುಮ್ ಅನ್ನುತ್ತೆ, ರೂಮಿನ ನಡುವೆ ಕೂತರೆ ಮಾಯ. ಇದಕ್ಕೊಂದು ತಮಾಷೆಯ ಉಪಾಯ ಇದೆ. ಸಬ್ಬನ್ನು ಸೋಫಾ ಮೇಲಿಟ್ಟು ಬೇಸ್ ಇರೋ ಹಾಡು ಹಾಕಿ, ನಾವು ಗೋಡೆಯುದ್ದಕ್ಕೂ ಅಂಬೆಗಾಲಿಡಬೇಕು. ಎಲ್ಲಿ ಬೇಸ್ ಸಮವಾಗಿ ಕೇಳುತ್ತೋ ಅಲ್ಲೇ ಸಬ್ ಇಡಿ. ಮನೆಯವರು ನಗಬಹುದು, ಆದರೆ ಕೆಲಸ ಮಾಡುತ್ತೆ.

5. ಕೇಬಲ್

ಟಿವಿಯ ಆ್ಯಪ್‌ನಲ್ಲೇ ಸಿನಿಮಾ ನೋಡೋರಿಗೆ ಎಚ್‌ಡಿಎಂಐ ಎಆರ್‌ಸಿ ಸಾಕು. ಬ್ಲೂ-ರೇ ಡಿಸ್ಕಿನ ಲಾಸ್‌ಲೆಸ್ ಆಡಿಯೋ ಟಿವಿ ಮೂಲಕ ರಿಸೀವರ್‌ಗೆ ಬರಬೇಕಾದರೆ ಇಎಆರ್‌ಸಿ ಬೇಕು. ಆಪ್ಟಿಕಲ್ ಕೇಬಲ್‌ನಲ್ಲಿ ಅದು ಬರಲ್ಲ. ಸ್ಪೀಕರ್ ವೈರ್‌ಗೆ ಚಿನ್ನದ ಬೆಲೆ ಕೊಡಬೇಡಿ. 10 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದರೆ, ಹೋಗಿ ಬರೋ ರೆಸಿಸ್ಟೆನ್ಸ್ ಸೇರಿ ಸುಮಾರು 0.14 ಓಮ್. 8 ಓಮ್ ಸ್ಪೀಕರ್ ಮುಂದೆ ಅದು ಏನೇನೂ ಅಲ್ಲ.

6. ದುಡ್ಡು ಸಾಲದಿದ್ದರೆ

ಎಲ್ಲವನ್ನೂ ಕಳಪೆ ತರೋ ಬದಲು ಮೊದಲು ರಿಸೀವರ್ ಮತ್ತು ಮುಂದಿನ ಮೂರು ಸ್ಪೀಕರ್ ತನ್ನಿ, ಆಮೇಲೆ ಸಬ್, ಕೊನೆಗೆ ಸರೌಂಡ್. ಬಾಡಿಗೆ ಮನೆ, ಚಿಕ್ಕ ರೂಮು ಅಂದರೆ ಬೇರೆ ಸೆಂಟರ್ ಚಾನೆಲ್ ಇರುವ 3.1 ಸೌಂಡ್‌ಬಾರ್ ಸಾಕು, ಅದರಲ್ಲಿ ನಾಚಿಕೆ ಪಡೋದು ಏನಿಲ್ಲ.

ಕೊನೆಯದಾಗಿ, ಅಂಗಡಿಯವರು ಡೆಮೋಗೆ ಫೈಟ್ ಸೀನ್ ಹಾಕ್ತಾರೆ. ಅದನ್ನ ನಿಲ್ಲಿಸಿ, ಮಳೆ ಸದ್ದಿನ ನಡುವೆ ಇಬ್ಬರು ಮೆಲ್ಲಗೆ ಮಾತಾಡೋ ಸೀನ್ ಒಂದನ್ನ ಹಾಕಿಸಿ. ಆಗೋದಾದರೆ ಅಜ್ಜಿಯನ್ನೂ ಜೊತೆಗೆ ಕರಕೊಂಡು ಹೋಗಿ. ಸೌಂಡ್ ಜಾಸ್ತಿ ಮಾಡದೆ ಅವರಿಗೆ ಮಾತು ಅರ್ಥವಾದರೆ ಬಿಲ್ ಹಾಕಿಸಬಹುದು.